ಹೆಡ್‌ಲೈಟಿಗೆ ಪೊರೆ ಬಂದಿದೆ, ಏನು ಮಾಡಲಿ?

ಪ್ರಶ್ನೆ: ನನ್ನದು 2009ರ ಕಾರು. ಹೆಡ್‌ಲೈಟಿನ ಪ್ಲಾಸ್ಟಿಕ್ ಹಳದಿಗಟ್ಟಿ, ಮಜ್ಜಿಗೆ ಕುಡಿದಿಟ್ಟ ಲೋಟದಂತಾಗಿದೆ. ಮೊನ್ನೆ ರಾತ್ರಿ ಆಗುಂಬೆ ಘಾಟಿಯಲ್ಲಿ ತಿರುವಿನ ತಡೆಗೋಡೆ ಮೂಗಿನ ಹತ್ತಿರ ಬಂದ ಮೇಲಷ್ಟೇ ಕಂಡಿತು. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದ್ದೆ. ಹದಿನೈದು ದಿನ ಫಳಫಳ, ಆಮೇಲೆ ಅದೇ ಪೊರೆ. ಹೊಸ ಜೋಡಿ ಕೊಳ್ಳುವುದೇ ಗತಿಯೇ?

ಉತ್ತರ 1: ಒಳಗೆ ತೇವವಿದೆಯೇ ಮೊದಲು ನೋಡಿ. ಒಳಗಿನ ಮಬ್ಬು ಹೊರಗಿನಿಂದ ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಉತ್ತರ 2: ಟೂತ್‌ಪೇಸ್ಟ್ ಹಲ್ಲಿಗೇ ಇರಲಿ. ಪಾಲಿಕಾರ್ಬೊನೇಟ್ ಅನ್ನುವ ಆ ಪ್ಲಾಸ್ಟಿಕ್ಕಿನ ಮೇಲಿನ ರಕ್ಷಣಾ ಲೇಪ ಬಿಸಿಲಿಗೆ ಸತ್ತಿದೆ, ಅದನ್ನು ಪೂರ್ತಿ ತೆಗೆಯಬೇಕು. ಸುತ್ತಲಿನ ಬಣ್ಣಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, 800, 1500, 2000 ನಂಬರಿನ ವಾಟರ್ ಪೇಪರಿನಿಂದ (ಒದ್ದೆಯಾಗಿ ಉಜ್ಜುವ ಮರಳುಕಾಗದ, ನಂಬರ್ ಹೆಚ್ಚಿದಷ್ಟೂ ನಯ) ಇದೇ ಕ್ರಮದಲ್ಲಿ ನೀರು ಹಾಕುತ್ತಲೇ ತಿಕ್ಕಿ. ಮೊದಲು ಹಳದಿ ಹಾಲು ಇಳಿಯುತ್ತದೆ. ಅದು ಬಿಳಿಯಾಗುವವರೆಗೆ ಮುಂದಿನ ಪೇಪರ್ ಮುಟ್ಟಬೇಡಿ. ನಡುವೆ ಮೊದಲಿಗಿಂತ ಮಬ್ಬಾಗಿ ಕಂಡು ಎದೆ ಧಸಕ್ಕೆನ್ನುತ್ತದೆ, ಹೆದರಬೇಡಿ. ರಬ್ಬಿಂಗ್ ಕಾಂಪೌಂಡ್ (ಹೊಳಪು ಕೊಡುವ ಪೇಸ್ಟ್) ಹಚ್ಚಿ ಉಜ್ಜಿದರೆ ತಿಳಿಯಾಗುತ್ತದೆ. ಕೊನೆಗೆ ಬಿಸಿಲಿನ ಯುವಿ ಕಿರಣ ತಡೆಯುವ ಕ್ಲಿಯರ್ ಕೋಟ್ (ಪಾರದರ್ಶಕ ಲೇಪ) ಹೊಡೆಯದಿದ್ದರೆ ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ.

ಕೇಳಿದವರು: ಭಾನುವಾರ ಎಡಗಡೆಯದನ್ನು ಮುಗಿಸಿದೆ. ಈಗ ಕಾರು ಒಂದೇ ಕಣ್ಣಿನ ಪೊರೆ ತೆಗೆಸಿಕೊಂಡ ಅಜ್ಜನ ಹಾಗೆ ನಿಂತಿದೆ. ತೋಳು ಬಿದ್ದುಹೋಗಿದೆ, ಬಲಗಡೆಯದು ಮುಂದಿನ ವಾರ.