ಬೂಷ್ಟು ಹಿಡಿದ ಲೆದರ್ ಜಾಕೆಟ್, ಮರದಂತಾದ ಗ್ಲೌಸ್: ಅನುಭವ ಇರುವವರು ಹೇಳಿ

ಹೊಸ ಸವಾರ: ಅಪ್ಪನ ಕಪ್ಪು ಲೆದರ್ ಜಾಕೆಟ್ ಈಗ ನನ್ನ ಪಾಲಿಗೆ ಬಂದಿದೆ. ಎರಡು ವರ್ಷ ಪ್ಲಾಸ್ಟಿಕ್ ಕವರ್ ಹಾಕಿ ಬೀರುವಿನಲ್ಲಿ ಇಟ್ಟಿದ್ದರು. ಕಾಲರ್, ತೋಳಿನ ಮೇಲೆಲ್ಲ ಬಿಳಿ ಬೂಷ್ಟು. ನನ್ನ ಬೈಕ್ ಗ್ಲೌಸ್ ಬೇರೆ ಮಳೆಯಲ್ಲಿ ನೆನೆದು, ಒಣಗಿದ ಮೇಲೆ ಬೆರಳು ಮಡಚಲು ಆಗುತ್ತಿಲ್ಲ. ಡ್ರೈಕ್ಲೀನಿಂಗಿಗೆ ಕೊಡಬಹುದಾ? ಮನೆಯಲ್ಲೇ ಮಾಡುವುದಾದರೆ ಏನು ಹಚ್ಚಬೇಕು?

ದೂರದ ದಾರಿ: ಗ್ಲೌಸ್ ಮಾತು ಬಂದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಮೇಕೆ ಚರ್ಮದ್ದು. ಮೂರು ತಿಂಗಳು ದುಡ್ಡು ಕೂಡಿಟ್ಟು ತಗೊಂಡಿದ್ದೆ. ಒಂದು ಸಂಜೆ ಪೂರ್ತಿ ನೆನೆದು ಬಂದೆ. ಬೆಳಿಗ್ಗೆ ಐದಕ್ಕೆ ಮತ್ತೆ ಹೊರಡಬೇಕಿತ್ತು. ಹೇರ್ ಡ್ರೈಯರ್ ಹಿಡಿದು ಒಂದೊಂದು ಬೆರಳಿಗೂ ಹತ್ತತ್ತು ನಿಮಿಷ ಬಿಸಿಗಾಳಿ ಕೊಟ್ಟೆ. ಬೆಳಿಗ್ಗೆ ಹಾಕಿದರೆ ಬಲಗೈ ಹೆಬ್ಬೆರಳು ಅರ್ಧ ಇಂಚು ಗಿಡ್ಡವಾಗಿತ್ತು. ಜೋರಾಗಿ ಎಳೆದೆ, ಹೊಲಿಗೆ ಬಿಟ್ಟಿತು. ಹೊಲಿಸಿದೆ. ಎರಡನೇ ವಾರ ಹೊಲಿಗೆ ಪಕ್ಕದಲ್ಲಿ ಚರ್ಮವೇ ಸೀಳಿತು. ಒದ್ದೆ ಚರ್ಮಕ್ಕೆ ಬಿಸಿ ಯಾವತ್ತೂ ತೋರಿಸಬಾರದು. ಒಳಗಿನ ನಾರು ಒಮ್ಮೆ ಮುದುರಿದರೆ ಏನು ಹಚ್ಚಿದರೂ ಬಿಚ್ಚಿಕೊಳ್ಳುವುದಿಲ್ಲ.

ಈಗಿನ ಜೋಡಿಗೆ ಆರು ವರ್ಷ. ಕೈಗೆ ಹಾಕಿಕೊಂಡೇ ಉಗುರುಬೆಚ್ಚಗಿನ ನೀರಲ್ಲಿ, ಮೃದುವಾದ ಸೋಪಿನಲ್ಲಿ ಕೈ ತೊಳೆದ ಹಾಗೆ ತೊಳೆಯುತ್ತೇನೆ. ಒಳಗಿನ ಬೆವರಿನ ಉಪ್ಪು ಹೋಗಬೇಕು, ಚರ್ಮ ಹಾಳು ಮಾಡುವುದೇ ಅದು. ಹಿಂಡುವುದಿಲ್ಲ. ಟವೆಲ್‌ನಲ್ಲಿ ಸುತ್ತಿ ಒತ್ತುತ್ತೇನೆ. ನೆರಳಲ್ಲಿ ಎರಡು ದಿನ, ಕೆಲವು ಸಲ ಮೂರು. ಸ್ವಲ್ಪ ಪಸೆ ಇರುವಾಗಲೇ ಹಾಕಿಕೊಂಡು ನೂರು ಸಲವಾದರೂ ಮುಷ್ಟಿ ಹಿಡಿದು ಬಿಡುತ್ತೇನೆ. ಆಮೇಲೆ ಕಂಡಿಷನರ್, ಅಂದರೆ ಚರ್ಮ ಮೆತ್ತಗಿಡುವ ಕ್ರೀಮು, ತೆಳ್ಳಗೆ.

ಕಂದು ಜಾಕೆಟ್: "ಆಮೇಲೆ ಕಂಡಿಷನರ್" ಅಂತ ಸುಮ್ನೆ ಹೇಳಿಬಿಡುತ್ತೀರಿ. ಯಾವುದು ಅಂತ ಹೇಳುವುದಿಲ್ಲ. ಇಂಥದೇ ಮಾತು ಕೇಳಿ ನಾನು ನೀಟ್ಸ್‌ಫುಟ್ ಎಣ್ಣೆ ತಂದೆ. ದನದ ಕಾಲಿನ ಮೂಳೆಯಿಂದ ತೆಗೆಯುವ ಎಣ್ಣೆ ಅದು. ನನ್ನದು ತಿಳಿಕಂದು ಅನಿಲೀನ್ ಜಾಕೆಟ್, ಮೇಲೆ ಬಣ್ಣದ ಪದರವೇ ಇಲ್ಲ. ಎಡತೋಳಿಗೆ ಹಚ್ಚಿದ ಕೂಡಲೇ ಕುಡಿಯಿತು. ಒಣಗಿದ ಮೇಲೆ ತಿಳಿಯಾಗುತ್ತದೆ ಅಂದುಕೊಂಡೆ. ಆಗಲಿಲ್ಲ. ಎರಡೂ ತೋಳು ಒಂದೇ ಥರ ಇರಲಿ ಅಂತ ಬಲತೋಳಿಗೂ ಹಚ್ಚಿದೆ, ಅದು ಇನ್ನೂ ಕಪ್ಪಾಯಿತು. ಮತ್ತೆ ಬಣ್ಣ ಕೊಡಿಸಲು ಜಾಕೆಟಿನ ಬೆಲೆಯ ಅರ್ಧ ಹೋಯಿತು. ಬಣ್ಣವೇನೋ ಕೂತಿತು, ಆದರೆ ಆ ಮೊದಲಿನ ಮೈ ಬರಲಿಲ್ಲ. ಒಂದು ಹನಿ ನೀರು ಬಿಟ್ಟು ನೋಡಬೇಕಿತ್ತು. ಹೀರಿಕೊಂಡರೆ ಎಣ್ಣೆ ಮುಟ್ಟಲೇಬಾರದಿತ್ತು.

ಹಳೇ ಜೀನು: ಎಣ್ಣೆ ಬೇಡ, ಕಂಡಿಷನರ್ ಬೇಡ. ಸ್ಯಾಡಲ್ ಸೋಪ್ ಒಂದು ಸಾಕು. ಹದಿನೈದು ವರ್ಷದಿಂದ ಅದರಲ್ಲೇ ನನ್ನ ಜಾಕೆಟ್, ಬೂಟು, ಗ್ಲೌಸ್ ಎಲ್ಲ ತೊಳೆಯುತ್ತಿದ್ದೇನೆ. ಕುದುರೆ ಜೀನಿಗೆ ಆಗುವುದು ಜಾಕೆಟಿಗೆ ಆಗಲ್ವಾ?

ಹದದ ಮನೆ: ಆಗುವುದಿಲ್ಲ ಸರ್. ಚರ್ಮ ಹದ ಮಾಡುವ ಕಡೆ ಕೆಲಸ ಮಾಡಿದವನು ನಾನು. ಹದವಾದ ಚರ್ಮ ಸ್ವಲ್ಪ ಆಮ್ಲದ ಕಡೆ ಇರುತ್ತದೆ, ಪಿಎಚ್ 4ರ ಆಸುಪಾಸು. ಹೆಚ್ಚಿನ ಸ್ಯಾಡಲ್ ಸೋಪುಗಳು ಕ್ಷಾರ, 9ರಿಂದ 10. ಜೀನಿನ ಚರ್ಮ 3-4 ಮಿ.ಮೀ. ದಪ್ಪ, ತಡೆದುಕೊಳ್ಳುತ್ತದೆ. ಕುರಿಮರಿ ಚರ್ಮದ ಗ್ಲೌಸ್ 1 ಮಿ.ಮೀ. ಕೂಡ ಇರುವುದಿಲ್ಲ. ಎರಡೂ ಒಂದೇ ಅನ್ನುವುದು ತಪ್ಪು.

ಹಳೇ ಜೀನು: ಹದಿನೈದು ವರ್ಷ ಬಾಳಿದ ಜಾಕೆಟ್ ನನ್ನ ಮೈಮೇಲಿದೆ. ನಿಮ್ಮ ಪಿಎಚ್ ಲೆಕ್ಕ ಕಾಗದದ ಮೇಲಿದೆ.

ಹದದ ಮನೆ: ಅದು ದಪ್ಪ ಎಮ್ಮೆ ಚರ್ಮ ಇರಬೇಕು, ಅದಕ್ಕೇ ಬಾಳಿದೆ. ಬೇರೆಯವರ ಗ್ಲೌಸ್ ಹಾಳಾದರೆ ನೀವು ತಂದುಕೊಡುತ್ತೀರಾ?

ಸಂಜೆ ಮಲ್ಲಿಗೆ: ಜಗಳ ಆಮೇಲೆ ಆಡಿ. ಡ್ರೈಕ್ಲೀನಿಂಗ್ ಬಗ್ಗೆ ನಾನು ಹೇಳುತ್ತೇನೆ. ಜಾಕೆಟ್ ಮತ್ತು ಸ್ಕರ್ಟ್ ಜೋಡಿ ಇತ್ತು, ವೈನ್ ಬಣ್ಣ. ಜಾಕೆಟ್ ಮಾತ್ರ ಕೊಟ್ಟೆ. ಲೆದರ್ ಮಾಡುತ್ತೇವೆ ಅಂತ ಬೋರ್ಡ್ ಇತ್ತು. ಹನ್ನೊಂದು ದಿನ ಇಟ್ಟುಕೊಂಡರು. ವಾಪಸ್ ಬಂದದ್ದು ಇಟ್ಟಿಗೆ ಬಣ್ಣ, ಮುಟ್ಟಿದರೆ ಕಾಗದ. ಹದ ಮಾಡುವಾಗ ಚರ್ಮಕ್ಕೆ ತುಂಬಿದ ಕೊಬ್ಬನ್ನು ಆ ದ್ರಾವಕ ಎಳೆದು ಹಾಕುತ್ತದಂತೆ. ಕೊಡುವ ಮೊದಲು ಯಾರೂ ಹೇಳಲಿಲ್ಲ. ಸ್ಕರ್ಟ್ ಹಾಗೇ ಬಿದ್ದಿದೆ, ಜೋಡಿ ಇಲ್ಲದೆ ಯಾವುದರ ಜೊತೆ ಹಾಕಲಿ? ಕೊಡುವುದಾದರೆ ಜೋಡಿ ಸೇರಿಸಿ ಕೊಡಿ, ಚರ್ಮಕ್ಕೆ ಬೇರೆ ಯಂತ್ರ ಇಟ್ಟಿದ್ದಾರಾ, ಎಣ್ಣೆಯಂಶ ವಾಪಸ್ ತುಂಬುತ್ತಾರಾ ಅಂತ ಕೇಳಿ.

ಸ್ವೀಡ್ (ಮೈ ಉಜ್ಜಿ ನವಿರು ಎಬ್ಬಿಸಿದ ಚರ್ಮ) ಗ್ಲೌಸ್ ಕೂಡ ಕಳೆದುಕೊಳ್ಳುತ್ತಿದ್ದೆ, ಎಣ್ಣೆ ಕಲೆ ಬಿದ್ದಿತ್ತು. ಟಾಲ್ಕಂ ಪೌಡರ್ ಹಾಕಿ ಇಡೀ ರಾತ್ರಿ ಬಿಟ್ಟೆ, ಬೆಳಿಗ್ಗೆ ಬ್ರಷ್ ಮಾಡಿದೆ. ಮೂರು ರಾತ್ರಿ ಹೀಗೆ ಮಾಡಿದ ಮೇಲೆ ಹೋಯಿತು. ಸ್ವೀಡ್‌ಗೆ ಮೇಣ ಮುಟ್ಟಿಸಬೇಡಿ, ಆ ನವಿರು ಕೂದಲೆಲ್ಲ ಅಂಟಿ ಕೂರುತ್ತದೆ.

ಕಪ್ಪು ಕಾಲರ್: ನನ್ನ ಅಸಲಿ ಲೆದರ್ ಜಾಕೆಟ್ ನಾಲ್ಕೇ ವರ್ಷಕ್ಕೆ ಕಾಲರ್ ಹತ್ತಿರ ಪದರ ಪದರವಾಗಿ ಉದುರುತ್ತಿದೆ. ಐದು ಥರದ ಕಂಡಿಷನರ್ ಹಚ್ಚಿದೆ. ಎಲ್ಲ ಮೋಸ.

ಹದದ ಮನೆ: ಪದರ ಎದ್ದ ಕಡೆ ಹಿಂದೆ ಬಟ್ಟೆ ಕಾಣುತ್ತಿದೆಯಾ? ಹಾಗಿದ್ದರೆ ಅದು ಚರ್ಮ ಅಲ್ಲ, ಬಟ್ಟೆ ಮೇಲೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಹೊದಿಕೆ. ಗಾಳಿಯ ತೇವಕ್ಕೇ ಅದು ಒಡೆಯುತ್ತದೆ. ಏನು ಹಚ್ಚಿದರೂ ಉಳಿಯಲ್ಲ.

ಕಪ್ಪು ಕಾಲರ್: ನೋಡದೆ ನನ್ನ ಜಾಕೆಟ್ ನಕಲಿ ಅನ್ನಲು ನೀವು ಯಾರು? ಒಳಗಡೆ ಚೀಟಿ ಇದೆ.

ಹಳೇ ಜೀನು: ಇವರು ಎಲ್ಲರಿಗೂ ಹೀಗೇ ಹೇಳುವುದು.

ಹೊಸ ಸವಾರ: ಎಲ್ಲರಿಗೂ ಥ್ಯಾಂಕ್ಸ್. ಆದರೆ ಬೂಷ್ಟಿಗೆ ಏನು ಮಾಡಲಿ?

ದೂರದ ದಾರಿ: ಮೊದಲು ಆ ಪ್ಲಾಸ್ಟಿಕ್ ಬಿಸಾಡಿ. ಜಾಕೆಟನ್ನು ಮನೆಯಿಂದ ಹೊರಗೆ ಒಯ್ದು ಒಣ ಬ್ರಷ್‌ನಲ್ಲಿ ಉಜ್ಜಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಆಮೇಲೆ ಸರ್ಜಿಕಲ್ ಸ್ಪಿರಿಟ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಹಿಂಡಿ, ಮೆಲ್ಲಗೆ ಒರೆಸಿ.

ಕಂದು ಜಾಕೆಟ್: ಸ್ಪಿರಿಟ್ ಬಣ್ಣವನ್ನೇ ಎತ್ತುತ್ತದೆ! ಇನ್ನೊಬ್ಬರ ಜಾಕೆಟ್ ಹಾಳು ಮಾಡಬೇಡಿ.

ದೂರದ ದಾರಿ: ಒಳಮಡಿಕೆಯಲ್ಲಿ ನೋಡಿಕೊಂಡೇ ಹಚ್ಚಬೇಕು, ಬಿಳಿ ಬಟ್ಟೆಗೆ ಬಣ್ಣ ಬಂದರೆ ನಿಲ್ಲಿಸಬೇಕು. ನಿಮ್ಮದು ಬಣ್ಣದ ಪದರ ಇಲ್ಲದ್ದು, ಹಳೇ ಕಪ್ಪು ಜಾಕೆಟುಗಳಿಗೆ ಬಹಳಷ್ಟು ಸಲ ಪದರ ಇರುತ್ತದೆ. ಹೊಸ ಸವಾರರೇ, ಒರೆಸಿ ಪೂರ್ತಿ ಒಣಗಿದ ಮೇಲೆ ಅಗಲವಾದ ಹ್ಯಾಂಗರ್‌ಗೆ ಹಾಕಿ ಹತ್ತಿ ಬಟ್ಟೆ ಹೊದಿಸಿ. ಬೀರುವಿನೊಳಗಿನ ಗಾಳಿಯ ತೇವ 60 ಶೇಕಡಾ ದಾಟಬಾರದು, ತೇವ ಹೀರುವ ಸಿಲಿಕಾ ಜೆಲ್ ಇಡಿ.

ಹದದ ಮನೆ: ಇದು ಸರಿ.

ಹಳೇ ಜೀನು: ನನ್ನ ಜಾಕೆಟ್ ಎಮ್ಮೆ ಚರ್ಮದ್ದಲ್ಲ. ಹಸುವಿನದು. ನೋಡದೆ ಹೇಳಿದ್ದಕ್ಕೆ ಮೊದಲು ಉತ್ತರ ಕೊಡಿ.