ಡ್ರಾಪ್ ರೂಲ್ ಹಾಕಿದ್ದೇನೆ, ಆದರೂ ಟ್ರಾಫಿಕ್ ನಿಲ್ಲುತ್ತಿಲ್ಲ ಯಾಕೆ?

ಪ್ರಶ್ನೆ

ಮೇಡಂ, ನಮಸ್ಕಾರ. ನಾನು ಒಂದು ಕಾಲೇಜಿನ ಸರ್ವರ್ ನೋಡಿಕೊಳ್ಳುತ್ತೇನೆ. ವೆಬ್‌ಸೈಟ್ ಇರುವ ಲಿನಕ್ಸ್ ಸರ್ವರ್‌ನಲ್ಲೇ ಐಪಿಟೇಬಲ್ಸ್ ಫೈರ್‌ವಾಲ್ ಇದೆ. ಒಂದೇ ಐಪಿಯಿಂದ ಲಾಗಿನ್ ಪುಟಕ್ಕೆ ಬಿಡದೆ ಪಾಸ್‌ವರ್ಡ್ ಹೊಡೆದು ನೋಡುತ್ತಿದ್ದಾರೆ. ನಿಜವಾದ ಐಪಿ ಇಲ್ಲಿ ಹಾಕಲ್ಲ, 203.0.113.45 ಅಂತ ಇಟ್ಟುಕೊಳ್ಳಿ. ಅದನ್ನು ಡ್ರಾಪ್ ಮಾಡುವ, ಅಂದರೆ ಒಳಗೆ ಬಿಡದೆ ಬಿಸಾಕುವ, ರೂಲ್ ಹಾಕಿದೆ. ಎರರ್ ಬರಲಿಲ್ಲ, ಪಟ್ಟಿಯಲ್ಲೂ ಕಾಣುತ್ತದೆ. ಆದರೆ ವೆಬ್ ಲಾಗ್‌ನಲ್ಲಿ ಆ ಐಪಿ ಬರುತ್ತಲೇ ಇದೆ. ಇನ್‌ಪುಟ್ ಚೈನ್ (ಸರ್ವರ್‌ಗೇ ಬರುವ ಟ್ರಾಫಿಕ್‌ನ ರೂಲ್ ಪಟ್ಟಿ) ಹೀಗಿದೆ, ಕೊನೆಯಲ್ಲಿರುವುದು ಆ ರೂಲ್‌ಗೆ ಹೊಂದಿದ ಪ್ಯಾಕೆಟ್‌ಗಳ ಲೆಕ್ಕ:

1. ಲೂಪ್‌ಬ್ಯಾಕ್ (ಸರ್ವರ್ ತನಗೆ ತಾನೇ ಕಳಿಸಿಕೊಳ್ಳುವುದು) – ಅಕ್ಸೆಪ್ಟ್ – 8,214
2. ಎಸ್ಟಾಬ್ಲಿಷ್ಡ್, ರಿಲೇಟೆಡ್ (ಆಗಲೇ ತೆರೆದ ಕನೆಕ್ಷನ್‌ನವು, ಅದಕ್ಕೆ ಸಂಬಂಧಿಸಿದವು) – ಅಕ್ಸೆಪ್ಟ್ – 19,40,377
3. 10.20.0.0/16ರಿಂದ ಪೋರ್ಟ್ 22 (ಎಸ್‌ಎಸ್‌ಎಚ್, ದೂರದಿಂದ ಲಾಗಿನ್ ಆಗಲು) – ಅಕ್ಸೆಪ್ಟ್ – 61
4. ಎಲ್ಲಿಂದ ಬಂದರೂ ಪೋರ್ಟ್ 80, 443 (ವೆಬ್) – ಅಕ್ಸೆಪ್ಟ್ – 1,12,905
5. 203.0.113.45ರಿಂದ ಏನೇ ಬಂದರೂ – ಡ್ರಾಪ್ – 0

ಡೀಫಾಲ್ಟ್ ಪಾಲಿಸಿ (ಯಾವ ರೂಲ್‌ಗೂ ಹೊಂದದ್ದಕ್ಕೆ): ಡ್ರಾಪ್

ಉತ್ತರ

ಪ್ಯಾಕೆಟ್ ಲೆಕ್ಕದ ಸಮೇತ ಪಟ್ಟಿ ಹಾಕಿದ್ದು ತುಂಬಾ ಒಳ್ಳೆಯದಾಯಿತು. ಐದನೇ ಸಾಲಿನ ಆ ಸೊನ್ನೆ ನೋಡಿ. ಆ ಐಪಿಯಿಂದ ಅಷ್ಟೊಂದು ಟ್ರಾಫಿಕ್ ಬರುತ್ತಿದ್ದರೂ ಆ ರೂಲ್‌ಗೆ ಒಂದು ಪ್ಯಾಕೆಟ್ ಕೂಡ ತಲುಪಿಲ್ಲ.

ಐಪಿಟೇಬಲ್ಸ್ ಪ್ರತಿ ಪ್ಯಾಕೆಟ್ಟನ್ನೂ ಮೇಲಿನಿಂದ ಕೆಳಕ್ಕೆ ಒಂದೊಂದೇ ರೂಲ್‌ಗೆ ಹೋಲಿಸುತ್ತದೆ. ಹೊಂದಿದ ಮೊದಲ ರೂಲ್ ಅಕ್ಸೆಪ್ಟ್ ಅಥವಾ ಡ್ರಾಪ್ ಅಂದರೆ ಆ ಚೈನ್‌ನಲ್ಲಿ ಅಲ್ಲಿಗೆ ಮುಗಿಯಿತು. ಅದರ ಕೆಳಗೆ ಏನಿದೆ ಅಂತ ಯಾರೂ ನೋಡುವುದಿಲ್ಲ. ನಿಮ್ಮ ದಾಳಿಕೋರ ಬರುತ್ತಿರುವುದು 443ಕ್ಕೆ. ನಾಲ್ಕನೇ ರೂಲ್ "ಎಲ್ಲಿಂದ ಬಂದರೂ" ಅನ್ನುತ್ತದೆ, ಆ "ಎಲ್ಲಿಂದ"ದಲ್ಲಿ ಅವನೂ ಸೇರಿದ. ಒಳಗೆ ಬಂದ.

ಇನ್ನೊಂದು ಗಮನಿಸಿ. ಆ ಐಪಿ 80, 443 ಬಿಟ್ಟು ಬೇರೆ ಪೋರ್ಟ್‌ಗೆ ಬಂದಿದ್ದರೆ ಐದನೇ ರೂಲ್ ಹಿಡಿಯುತ್ತಿತ್ತು. ಆದರೆ ನಿಮ್ಮ ಡೀಫಾಲ್ಟ್ ಪಾಲಿಸಿಯೇ ಡ್ರಾಪ್ ಅಲ್ವಾ? ಈ ರೂಲ್ ಇಲ್ಲದಿದ್ದರೂ ಆ ಪ್ಯಾಕೆಟ್ ಬೀಳುತ್ತಿತ್ತು. ಅಂದರೆ ಈ ಜಾಗದಲ್ಲಿ ಆ ರೂಲ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮೇಲಿನ ರೂಲ್ ಕೆಳಗಿನದನ್ನು ಹೀಗೆ ಮುಚ್ಚಿಹಾಕುವುದನ್ನು ನಮ್ಮ ಕೆಲಸದಲ್ಲಿ ಶ್ಯಾಡೋ ಆಗಿದೆ ಅನ್ನುತ್ತೇವೆ. ಇದ್ದೂ ಏನೂ ಮಾಡದ್ದು ರಿಡಂಡೆಂಟ್. ನಿಮ್ಮದು ವೆಬ್ ಟ್ರಾಫಿಕ್‌ಗೆ ಶ್ಯಾಡೋ, ಉಳಿದದ್ದಕ್ಕೆ ರಿಡಂಡೆಂಟ್.

ನೀವು ಅಪೆಂಡ್ ಮಾಡಿದ್ದೀರಿ, ಅದಕ್ಕೇ ರೂಲ್ ಕೊನೆಗೆ ಹೋಗಿ ಕೂತಿತು. ಇನ್ಸರ್ಟ್ ಬಳಸಿ, ಸಾಲಿನ ಸಂಖ್ಯೆ 4 ಕೊಡಿ. ಹೊಸದು ನಾಲ್ಕನೆಯದಾಗುತ್ತದೆ, ವೆಬ್ ರೂಲ್ ಐದಕ್ಕೆ ಇಳಿಯುತ್ತದೆ. ಆಮೇಲೆ ಕೆಳಗಿನ ಹಳೆಯದನ್ನು ಅಳಿಸಿ. ಸಂಖ್ಯೆ ಕೊಟ್ಟು ಅಳಿಸುವುದಾದರೆ ಮೊದಲು ಪಟ್ಟಿಯನ್ನು ಮತ್ತೆ ತೆಗೆದು ನೋಡಿ. ಇನ್ಸರ್ಟ್ ಆದ ಮೇಲೆ ಹಳೆಯ ಐದು ಈಗ ಆರು. ಐದನ್ನು ಅಳಿಸಿದರೆ ವೆಬ್‌ಸೈಟೇ ನಿಲ್ಲುತ್ತದೆ.

ಅದೇ ಪ್ರಶ್ನೆಗಾರರು

ಮಾಡಿದೆ ಮೇಡಂ. ನಾಲ್ಕನೇ ಸಾಲಿನ ಲೆಕ್ಕ ಈಗ ಏರುತ್ತಿದೆ. ಆದರೆ ಲಾಗ್‌ನಲ್ಲಿ ಅದೇ ಐಪಿಯ ಒಂದೆರಡು ರಿಕ್ವೆಸ್ಟ್ ಇನ್ನೂ ಕಾಣುತ್ತಿವೆ. ಇದು ಹೇಗೆ?

ಉತ್ತರ

ಅವು ಹಳೆಯ ಕನೆಕ್ಷನ್‌ಗಳು. ರೂಲ್ ಹಾಕುವ ಮೊದಲೇ ತೆರೆದಿದ್ದವು ಎರಡನೇ ರೂಲ್‌ನಲ್ಲೇ ಒಳಗೆ ಬರುತ್ತವೆ. ಕೀಪ್-ಅಲೈವ್ ಇದ್ದರೆ ಒಂದೇ ಕನೆಕ್ಷನ್‌ನಲ್ಲಿ ಎಷ್ಟೋ ರಿಕ್ವೆಸ್ಟ್ ಕಳಿಸಬಹುದು. ಕಾನ್‌ಟ್ರ್ಯಾಕ್ (ತೆರೆದ ಕನೆಕ್ಷನ್‌ಗಳ ಪಟ್ಟಿ) ಕಮಾಂಡ್‌ನಿಂದ ಆ ಐಪಿಯ ಎಂಟ್ರಿಗಳನ್ನು ಅಳಿಸಿ. ಇಲ್ಲವೇ ಡ್ರಾಪ್ ರೂಲನ್ನು ಎರಡನೆಯದರ ಮೇಲಕ್ಕೇ ಹಾಕಿ.

ಎರಡನೇ ರೂಲ್ ತೆಗೆಯಬೇಕು ಅಂತ ಮಾತ್ರ ಅಂದುಕೊಳ್ಳಬೇಡಿ. ಅದರ ಲೆಕ್ಕ ನೋಡಿ, ಹತ್ತೊಂಬತ್ತು ಲಕ್ಷ. ಬರುವ ಪ್ಯಾಕೆಟ್‌ಗಳಲ್ಲಿ ಹೆಚ್ಚಿನವು ಆಗಲೇ ತೆರೆದ ಕನೆಕ್ಷನ್‌ನವು. ಅವು ಮೇಲೆಯೇ ಮುಗಿದರೆ ಸಿಪಿಯುಗೆ ಕೆಲಸ ಕಡಿಮೆ. ಅದಕ್ಕೇ ಆ ರೂಲ್ ಮೇಲಿರುತ್ತದೆ. ಅದರ ಮೇಲೆ ಹತ್ತಿಪ್ಪತ್ತು ಬ್ಲಾಕ್ ರೂಲ್ ಇದ್ದರೆ ಏನೂ ಆಗಲ್ಲ. ಸಾವಿರಗಟ್ಟಲೆ ಐಪಿ ತಡೆಯಬೇಕಿದ್ದರೆ ಒಂದೊಂದಕ್ಕೆ ಒಂದು ರೂಲ್ ಬರೆಯಬೇಡಿ. ಐಪಿಸೆಟ್ (ಐಪಿಗಳ ಒಂದು ಗುಂಪು) ಮಾಡಿ, ಅದನ್ನು ಒಂದೇ ರೂಲ್‌ನಲ್ಲಿ ಕರೆಯಿರಿ. ಪಟ್ಟಿ ಎಷ್ಟೇ ಬೆಳೆದರೂ ಹುಡುಕಾಟಕ್ಕೆ ಹಿಡಿಯುವ ಸಮಯ ಹೆಚ್ಚುಕಡಿಮೆ ಅಷ್ಟೇ.

ಹಾಗೇ ಒಂದು ಮಾತು: ಲಾಗ್ ರೂಲ್ ಹಾಕುವುದಿದ್ದರೆ ಡ್ರಾಪ್‌ನ ಮೇಲೆ ಹಾಕಿ. ಲಾಗ್ ಪ್ಯಾಕೆಟ್ಟನ್ನು ನಿಲ್ಲಿಸುವುದಿಲ್ಲ, ಬರೆದುಕೊಂಡು ಮುಂದಕ್ಕೆ ಬಿಡುತ್ತದೆ. ಕೆಳಗಿಟ್ಟರೆ ಅದಕ್ಕೆ ಬರೆಯಲು ಏನೂ ಸಿಗುವುದಿಲ್ಲ.

ಮತ್ತೊಬ್ಬ ಸದಸ್ಯರು

ಮೇಡಂ, ನಮ್ಮಲ್ಲಿ ಯುಎಫ್‌ಡಬ್ಲ್ಯು (ಐಪಿಟೇಬಲ್ಸ್ ರೂಲ್‌ಗಳನ್ನು ಸುಲಭವಾಗಿ ಬರೆಯುವ ಟೂಲ್) ಇದೆ. ನೀವು ಹೇಳಿದ ಹಾಗೆ 8080ಕ್ಕೆ ಡಿನೈ ರೂಲನ್ನು ಒಂದನೇ ಸಾಲಿನಲ್ಲೇ ಇಟ್ಟಿದ್ದೇನೆ. ಆದರೂ ಆ ಪೋರ್ಟ್ ಹೊರಗಿನಿಂದ ತೆರೆದಿದೆ. ಅಲ್ಲಿ ಓಡುತ್ತಿರುವುದು ಡಾಕರ್ ಕಂಟೇನರ್ (ಸರ್ವರ್‌ನೊಳಗೆ ಪ್ರತ್ಯೇಕವಾಗಿ ಓಡುವ ಅಪ್ಲಿಕೇಶನ್).

ಉತ್ತರ

ನಿಮ್ಮ ರೂಲ್ ಇರುವ ಚೈನ್‌ಗೇ ಆ ಪ್ಯಾಕೆಟ್ ಬರುವುದಿಲ್ಲ ಸರ್. ರೂಲ್‌ಗಳಿಗೆ ಇರುವ ಹಾಗೆ ಚೈನ್‌ಗಳಿಗೂ ಒಂದು ಕ್ರಮ ಇದೆ. ಪ್ಯಾಕೆಟ್ ಮೊದಲು ಪ್ರಿರೌಟಿಂಗ್ ಚೈನ್‌ಗೆ ಹೋಗುತ್ತದೆ. ಡಾಕರ್ ಅಲ್ಲೇ ಅದು ತಲುಪಬೇಕಾದ ವಿಳಾಸವನ್ನು ಕಂಟೇನರ್‌ನ ವಿಳಾಸಕ್ಕೆ ಬದಲಿಸುತ್ತದೆ. ಈಗ ಅದು ಸರ್ವರ್‌ಗೆ ಬಂದ ಪ್ಯಾಕೆಟ್ ಅಲ್ಲ, ಸರ್ವರ್ ಮೂಲಕ ಹಾದುಹೋಗುವ ಪ್ಯಾಕೆಟ್. ಹಾಗಾಗಿ ಇನ್‌ಪುಟ್ ಬಿಟ್ಟು ಫಾರ್ವರ್ಡ್ ಚೈನ್‌ಗೆ ಹೋಗುತ್ತದೆ. ನಿಮ್ಮ ಡಿನೈ ಇರುವುದು ಇನ್‌ಪುಟ್ ಕಡೆ.

ಅದಕ್ಕೆ ಡಾಕರ್-ಯೂಸರ್ ಅಂತ ಒಂದು ಚೈನ್ ಕೊಟ್ಟಿದ್ದಾರೆ. ಡಾಕರ್ ತನ್ನ ರೂಲ್ ನೋಡುವ ಮೊದಲು ಅದನ್ನು ನೋಡುತ್ತದೆ. ಅಲ್ಲಿ ಬರೆಯಿರಿ. ಆದರೆ ಎಚ್ಚರ: ಅಷ್ಟು ಹೊತ್ತಿಗೆ ಪೋರ್ಟ್ ಕೂಡ ಬದಲಾಗಿರುತ್ತದೆ. ಹೊರಗೆ 8080, ಒಳಗೆ 80 ಅಂತಿದ್ದರೆ 8080 ಎಂದು ಬರೆದ ರೂಲ್ ಹೊಂದುವುದಿಲ್ಲ. ಕಾನ್‌ಟ್ರ್ಯಾಕ್ ಮೂಲಕ ಮೂಲ ಪೋರ್ಟ್ ನೋಡುವ ಮ್ಯಾಚ್ ಬಳಸಬೇಕು. ಆ ಪೋರ್ಟ್ ಅದೇ ಸರ್ವರ್‌ನ ಎನ್‌ಜಿನ್‌ಎಕ್ಸ್ ವೆಬ್ ಸರ್ವರ್‌ಗೆ ಮಾತ್ರ ಬೇಕಿದ್ದರೆ ಇಷ್ಟೆಲ್ಲ ಬೇಡ. ಕಂಟೇನರ್ ಪಬ್ಲಿಷ್ ಮಾಡುವಾಗಲೇ 127.0.0.1ಕ್ಕೆ (ಆ ಸರ್ವರ್‌ನೊಳಗೆ ಮಾತ್ರ ಸಿಗುವ ವಿಳಾಸ) ಕಟ್ಟಿಹಾಕಿ.

ಇನ್ನೊಬ್ಬರು

ಹಾಗಾದರೆ ಎಲ್ಲ ಫೈರ್‌ವಾಲ್‌ನಲ್ಲೂ ಮೇಲಿನದೇ ಗೆಲ್ಲುತ್ತದೆ ಅಂತ ನೆನಪಿಟ್ಟುಕೊಂಡರೆ ಸಾಕಾ?

ಉತ್ತರ

ಸಾಲದು. ಬೇರೆ ಫೈರ್‌ವಾಲ್‌ಗೆ ಹೋದಾಗ ನಾನು ಮೊದಲು ಕೇಳುವ ಪ್ರಶ್ನೆಯೇ ಇದು: ಇಲ್ಲಿ ಯಾವ ರೂಲ್ ಗೆಲ್ಲುತ್ತದೆ?

ಸಿಸ್ಕೋ ಎಸಿಎಲ್‌ನಲ್ಲಿ (ಅವರ ಸಾಧನಗಳ ರೂಲ್ ಪಟ್ಟಿ) ಮೊದಲು ಹೊಂದಿದ್ದೇ ಗೆಲ್ಲುತ್ತದೆ, ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಡಿನೈ ಇರುತ್ತದೆ. ಓಪನ್‌ಬಿಎಸ್‌ಡಿ ಆಪರೇಟಿಂಗ್ ಸಿಸ್ಟಮ್‌ನ ಪಿಎಫ್ ಫೈರ್‌ವಾಲ್ ಪೂರ್ತಿ ಉಲ್ಟಾ. 2001ರಲ್ಲಿ ಬಂದಾಗಿನಿಂದ ಅದರಲ್ಲಿ ಕೊನೆಗೆ ಹೊಂದಿದ ರೂಲ್‌ನದೇ ತೀರ್ಮಾನ. ಕ್ವಿಕ್ ಎಂದು ಬರೆದ ರೂಲ್ ಹೊಂದಿದರೆ ಮಾತ್ರ ಅಲ್ಲೇ ನಿಲ್ಲುತ್ತದೆ. ಪಿಎಫ್‌ಸೆನ್ಸ್ ಅನ್ನುವ ಫೈರ್‌ವಾಲ್ ಒಳಗಿರುವುದೂ ಪಿಎಫ್‌ನೇ. ಅಲ್ಲಿ ಇಂಟರ್‌ಫೇಸ್ ಟ್ಯಾಬ್‌ನ ರೂಲ್‌ಗಳಿಗೆ ಅದೇ ಕ್ವಿಕ್ ಸೇರಿಸುತ್ತದೆ, ಹಾಗಾಗಿ ಮೇಲಿನದು ಗೆಲ್ಲುತ್ತದೆ. ಫ್ಲೋಟಿಂಗ್ ಟ್ಯಾಬ್‌ನಲ್ಲಿ ನೀವೇ ಟಿಕ್ ಮಾಡದಿದ್ದರೆ ಕ್ವಿಕ್ ಇರುವುದಿಲ್ಲ. ಒಂದೇ ಸ್ಕ್ರೀನ್‌ನ ಎರಡು ಟ್ಯಾಬ್‌ಗೆ ಎರಡು ನಡವಳಿಕೆ.

ಲಿನಕ್ಸ್‌ನ ಹೊಸ ಫೈರ್‌ವಾಲ್ ಎನ್‌ಎಫ್‌ಟೇಬಲ್ಸ್‌ನಲ್ಲಿ ಒಂದೇ ಹುಕ್‌ಗೆ (ಪ್ಯಾಕೆಟ್ ಹಾದುಹೋಗುವ ಒಂದು ಹಂತ) ಹಲವು ಬೇಸ್ ಚೈನ್ (ಆ ಹಂತಕ್ಕೆ ಕಟ್ಟಿದ ರೂಲ್ ಪಟ್ಟಿ) ಇರಬಹುದು. ಡ್ರಾಪ್ ಆದರೆ ಆಟ ಮುಗಿಯಿತು. ಅಕ್ಸೆಪ್ಟ್ ಆದರೆ ಆ ಬೇಸ್ ಚೈನ್ ಮಾತ್ರ ಮುಗಿದ ಹಾಗೆ, ಪ್ರಯಾರಿಟಿ ಪ್ರಕಾರ ಮುಂದಿನ ಚೈನ್ ಅದನ್ನು ಕೆಡವಬಹುದು. "ಅಕ್ಸೆಪ್ಟ್ ಬರೆದಿದ್ದೇನೆ, ಆದರೂ ಬ್ಲಾಕ್ ಆಗುತ್ತಿದೆ" ಅಂತ ಬರುವ ದೂರುಗಳಲ್ಲಿ ಇದನ್ನೊಮ್ಮೆ ನೋಡಿ.

ಅಮೆಜಾನ್‌ನ ಕ್ಲೌಡ್ ಎಡಬ್ಲ್ಯುಎಸ್‌ನ ಸೆಕ್ಯುರಿಟಿ ಗ್ರೂಪ್‌ಗೆ ಕ್ರಮವೇ ಇಲ್ಲ, ಅಲ್ಲಿರುವುದು ಬರೀ ಅಲೋ. ಅದೇ ಎಡಬ್ಲ್ಯುಎಸ್‌ನ ನೆಟ್‌ವರ್ಕ್ ಎಸಿಎಲ್‌ನಲ್ಲಿ ಚಿಕ್ಕ ಸಂಖ್ಯೆಯ ರೂಲ್ ಮೊದಲು. ಮೈಕ್ರೋಸಾಫ್ಟ್ ಕ್ಲೌಡ್ ಅಜೂರ್‌ನ ಎನ್‌ಎಸ್‌ಜಿಯಲ್ಲಿ (ನೆಟ್‌ವರ್ಕ್ ಸೆಕ್ಯುರಿಟಿ ಗ್ರೂಪ್) ನಾವು 100ರಿಂದ 4096ರವರೆಗೆ ಪ್ರಯಾರಿಟಿ ಕೊಡಬಹುದು, ಚಿಕ್ಕದು ಮೊದಲು. ಗೂಗಲ್ ಕ್ಲೌಡ್‌ನಲ್ಲಿ ಎರಡು ರೂಲ್‌ಗೆ ಒಂದೇ ಪ್ರಯಾರಿಟಿ ಇದ್ದರೆ ಡಿನೈ ಗೆಲ್ಲುತ್ತದೆ. ವಿಂಡೋಸ್ ಫೈರ್‌ವಾಲ್‌ನಲ್ಲಿ ಸಾಮಾನ್ಯವಾಗಿ ಬ್ಲಾಕ್ ರೂಲ್ ಅಲೋವನ್ನು ಮೀರುತ್ತದೆ, ಪಟ್ಟಿಯಲ್ಲಿ ಎಲ್ಲೇ ಇರಲಿ.

ಮತ್ತೊಬ್ಬ ಸದಸ್ಯರು

ನಾನು ಹೊಸದಾಗಿ ಸೇರಿರುವ ಕಂಪನಿಯಲ್ಲಿ ಫೋರ್ಟಿಗೇಟ್ ಫೈರ್‌ವಾಲ್ ಇದೆ, ಮುನ್ನೂರಕ್ಕೂ ಜಾಸ್ತಿ ಪಾಲಿಸಿ (ಅಲ್ಲಿ ರೂಲ್‌ಗೆ ಹಾಗನ್ನುತ್ತಾರೆ). "ಟೆಂಪ್" ಅಂತ ಹೆಸರಿರುವ ಆಲ್-ಟು-ಆಲ್ ಅಲೋ (ಎಲ್ಲಿಂದ ಎಲ್ಲಿಗಾದರೂ ಬಿಡುವುದು) ಒಂದು ಮೇಲಿನ ಅರ್ಧದಲ್ಲೇ ಕೂತಿದೆ. ತೆಗೆಯಲು ಕೈ ನಡುಗುತ್ತದೆ ಮೇಡಂ.

ಉತ್ತರ

ಕೈ ನಡುಗುವುದು ಸರಿಯೇ, ಆದರೆ ಅದನ್ನು ಹಾಗೇ ಬಿಡಬೇಡಿ. ಆ ಒಂದು ಸಾಲಿನಿಂದ ಅದೇ ಇಂಟರ್‌ಫೇಸ್ ಜೋಡಿಗೆ (ಟ್ರಾಫಿಕ್ ಒಳಬರುವ, ಹೊರಹೋಗುವ ಪೋರ್ಟ್‌ಗಳು) ಕೆಳಗೆ ಬರೆದ ಎಲ್ಲ ಡಿನೈಗಳೂ ಸತ್ತಿವೆ. ಆಡಿಟ್ ವರದಿಯಲ್ಲಿ ಅವೆಲ್ಲ ಚೆನ್ನಾಗಿ ಕಾಣುತ್ತವೆ, ನಿಜದಲ್ಲಿ ಬಾಗಿಲು ತೆರೆದಿದೆ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಇಂಥ "ಟೆಂಪ್" ರೂಲ್‌ಗಳೇ.

ಮೊದಲನೆಯದಾಗಿ, ಪಾಲಿಸಿ ಐಡಿ ನೋಡಿ ಕ್ರಮ ಊಹಿಸಬೇಡಿ. ಐಡಿ ಬರೀ ಹೆಸರಿನ ಹಾಗೆ, 57 ಐಡಿಯದು 12ರ ಮೇಲೆ ಕೂತಿರಬಹುದು. ಲೆಕ್ಕಕ್ಕೆ ಬರುವುದು ಪಟ್ಟಿಯಲ್ಲಿನ ಜಾಗ. ಒಂದು ಟ್ರಾಫಿಕ್ ಯಾವ ಪಾಲಿಸಿಗೆ ಬೀಳುತ್ತದೆ ಅಂತ ತಿಳಿಯಲು ಪಾಲಿಸಿ ಲುಕಪ್ ಇದೆ, ಅದನ್ನು ಕೇಳಿ.

ಆಮೇಲೆ ಆ ಟೆಂಪ್ ಪಾಲಿಸಿಗೆ ಎಲ್ಲ ಸೆಷನ್‌ಗಳ ಲಾಗ್ ಹಚ್ಚಿ. ಅದರ ಮೂಲಕ ನಿಜವಾಗಿ ಏನು ಹೋಗುತ್ತಿದೆ ಅಂತ ಪಟ್ಟಿ ಮಾಡಿ. ಬೇಕಾದ ಒಂದೊಂದಕ್ಕೂ ಸರಿಯಾದ ಚಿಕ್ಕ ಪಾಲಿಸಿ ಬರೆದು ಟೆಂಪ್‌ನ ಮೇಲೆ ಇಡಿ. ಹೊಸವುಗಳ ಹಿಟ್ ಕೌಂಟ್ ಏರುತ್ತಾ, ಟೆಂಪ್‌ನದು ಹೆಚ್ಚುಕಡಿಮೆ ನಿಲ್ಲಬೇಕು. ಒಂದು ವಾರ ಸುಮ್ನೆ ನೋಡಿ ಮುಗಿಸಬೇಡಿ. ತಿಂಗಳ ಕೊನೆಯ ಸಂಬಳದ ಫೈಲ್, ಮೂರು ತಿಂಗಳಿಗೊಮ್ಮೆ ಓಡುವ ಬ್ಯಾಕಪ್, ಮಾರ್ಚ್ ಲೆಕ್ಕಪತ್ರ ಇವೆಲ್ಲ ಅಪರೂಪಕ್ಕೆ ಬರುವ ಟ್ರಾಫಿಕ್. ಸೊನ್ನೆ ಕಂಡ ಮಾತ್ರಕ್ಕೆ ಬೇಡದ ರೂಲ್ ಅಂತ ಅಲ್ಲ.

ಕೊನೆಗೆ ಅಳಿಸುವ ಬದಲು ಡಿಸೇಬಲ್ ಮಾಡಿ. ಕಾನ್ಫಿಗ್ ಬ್ಯಾಕಪ್ ಇಟ್ಟುಕೊಳ್ಳಿ. ಆ ದಿನ ಅಪ್ಲಿಕೇಶನ್ ಟೀಮ್‌ನ ಒಬ್ಬರು ಫೋನ್‌ನಲ್ಲಿ ಸಿಗುವ ಹಾಗೆ ನೋಡಿಕೊಳ್ಳಿ. ಶುಕ್ರವಾರ ಸಂಜೆ ಬೇಡ.

ಮೊದಲ ಪ್ರಶ್ನೆಗಾರರು

ಕಾನ್‌ಟ್ರ್ಯಾಕ್ ಎಂಟ್ರಿ ಅಳಿಸಿದೆ ಮೇಡಂ, ಪೂರ್ತಿ ನಿಂತಿತು. ಒಂದೇ ಸಂಶಯ: ಊರಿನಿಂದ ಎಸ್‌ಎಸ್‌ಎಚ್‌ನಲ್ಲಿ ಕೂತು ರೂಲ್ ಬದಲಿಸುವಾಗ ನಾನೇ ಹೊರಗುಳಿದರೆ?

ಉತ್ತರ

ಐಪಿಟೇಬಲ್ಸ್-ಅಪ್ಲೈ ಬಳಸಿ. ಹೊಸ ರೂಲ್‌ಗಳನ್ನು ಫೈಲ್‌ನಲ್ಲಿ ಬರೆದು ಕೊಟ್ಟರೆ ಅದು ಹಾಕಿ, ಸರಿಯಾ ಅಂತ ಕೇಳುತ್ತದೆ. ಕೊಟ್ಟ ಸಮಯದಲ್ಲಿ ಉತ್ತರ ಬರದಿದ್ದರೆ ತಾನೇ ಹಳೆಯದಕ್ಕೆ ಮರಳುತ್ತದೆ. ಡೀಫಾಲ್ಟ್ ಸಮಯ 10 ಸೆಕೆಂಡ್ ಅಷ್ಟೇ, 60 ಇಟ್ಟುಕೊಳ್ಳಿ. ಮತ್ತು "ಹೌದು" ಅನ್ನುವ ಮೊದಲು ಇನ್ನೊಂದು ಟರ್ಮಿನಲ್‌ನಿಂದ ಹೊಸದಾಗಿ ಲಾಗಿನ್ ಆಗಿ ನೋಡಿ. ನೀವು ಕೂತಿರುವ ಸೆಷನ್ ಎರಡನೇ ರೂಲ್‌ನಿಂದ ಹೇಗೂ ಬದುಕಿರುತ್ತದೆ, ಅದನ್ನು ನಂಬಬೇಡಿ.