ಇಂಗ್ಲಿಷಿನ ಜೋಡಿಪದ: ಕೂಡಿಸಿ ಬರೆಯಲೋ, ಬಿಡಿಸಿ ಬರೆಯಲೋ?

ಪ್ರಶ್ನೆ ಕೇಳಿದವರು:
ಒಂದು ಸಾಫ್ಟ್‌ವೇರಿನ ಬಳಕೆದಾರರ ಕೈಪಿಡಿ ಬರೆಯುವ ಕೆಲಸ ಸಿಕ್ಕಿದೆ, ಪೂರ್ತಿ ಇಂಗ್ಲಿಷಿನಲ್ಲಿ. ಮೊದಲ ಕರಡು ಮೈತುಂಬ ಕೆಂಪು ಗುರುತು ಹೊತ್ತು ವಾಪಸ್ ಬಂತು. ವ್ಯಾಕರಣಕ್ಕೆ ಅಷ್ಟೇನೂ ಬೈಸಿಕೊಂಡಿಲ್ಲ, ಬೈಸಿಕೊಂಡದ್ದೆಲ್ಲ ಜಾಗ ಬಿಡುವ ವಿಷಯಕ್ಕೆ. ‘ಲಾಗಿನ್’ ಒಂದು ಪುಟದಲ್ಲಿ ಒಂದೇ ಪದ, ಮುಂದಿನ ಪುಟದಲ್ಲಿ ಎರಡು. ‘ಎವ್ರಿಡೇ’, ‘ಸೆಟಪ್’, ‘ಯೂಸರ್‌ನೇಮ್’ ಎಲ್ಲದರದ್ದೂ ಇದೇ ಕಥೆ. ಇದಕ್ಕೆ ನಿಯಮ ಅಂತ ಏನಾದರೂ ಇದೆಯಾ? ನೀವೆಲ್ಲ ಹೇಗೆ ನಿಭಾಯಿಸುತ್ತೀರಿ? (ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಜಾಗ ಎಲ್ಲಿದೆ ಎಲ್ಲಿಲ್ಲ ಅನ್ನೋದನ್ನಷ್ಟೇ ನೋಡಿ.)

ಕರಡು ತಿದ್ದುವವರು:
ಅರ್ಧ ನಿಯಮ ಇದೆ, ಇನ್ನರ್ಧ ಬರೀ ರೂಢಿ. ನಿಯಮ ಇರುವ ಅರ್ಧವನ್ನು ಮೊದಲು ಹಿಡಿಯಿರಿ, ತಪ್ಪಿದರೆ ಕಣ್ಣಿಗೆ ಹೊಡೆಯುವುದು ಅದೇ. ‘ಲಾಗಿನ್’ ನಾಮಪದ, ‘ಲಾಗ್ ಇನ್’ ಕ್ರಿಯಾಪದ. ಲಾಗಿನ್ ಪುಟಕ್ಕೆ ಹೋಗಿ ಲಾಗ್ ಇನ್ ಆಗಬೇಕು. ಅಂದರೆ ಒಂದೇ ವಾಕ್ಯದಲ್ಲಿ ಎರಡೂ ರೂಪ ಬಂದು ಎರಡೂ ಸರಿಯಾಗಿರಬಹುದು. ನಿಮ್ಮ ಆ ಎರಡು ಪುಟ ನೋಡದೆ ತಪ್ಪು ಅಂತ ನಾನಂತೂ ಹೇಳಲಾರೆ. ಕೆಂಪು ಗುರುತು ಹಾಕಿದವರೇ ಎಡವಿರಬಹುದು. ಸೆಟಪ್, ಬ್ಯಾಕಪ್, ಚೆಕೌಟ್, ವರ್ಕೌಟ್ ಎಲ್ಲ ಇದೇ ಜಾತಿಯವು.

ಅನುಮಾನ ಬಂದಾಗ ನಾನು ನಡುವೆ ಒಂದು ‘ಇಟ್’ ತೂರಿಸಿ ನೋಡುತ್ತೇನೆ. ‘ಸೆಟ್ ಇಟ್ ಅಪ್’, ‘ಬ್ಯಾಕ್ ಇಟ್ ಅಪ್’ ಅನ್ನಲು ಬರುತ್ತದೆ, ಹಾಗಾಗಿ ಅಲ್ಲಿ ಅದು ಕ್ರಿಯಾಪದ, ಬಿಡಿಸಿಯೇ ಬರೆಯಬೇಕು. ‘ಇಟ್’ ತೂರದಿದ್ದರೆ ಭೂತಕಾಲಕ್ಕೆ ತಿರುಗಿಸಿ. ‘ಲಾಗ್ಡ್ ಇನ್’ ಅನ್ನುತ್ತೇವೆ. ‘ಲಾಗಿನ್ಡ್’ ಅಂತ ಯಾರಾದರೂ ಬರೆದರೆ ನನಗೆ ಕಳಿಸಿ, ಗೋಡೆಗೆ ಅಂಟಿಸಿಕೊಳ್ಳುತ್ತೇನೆ.

ಕೋಡ್ ಬರೆಯುವವರು:
ಮೇಲಿನವರು ಹೇಳಿದ್ದು ಸರಿ. ಆದರೆ ಇದನ್ನು ಓದಿ ಉತ್ಸಾಹದಲ್ಲಿ ಒಂದೇ ಸಲಕ್ಕೆ ‘ಹುಡುಕಿ ಬದಲಿಸು’ ಒತ್ತಬೇಡಿ. ನಾನು ಒತ್ತಿ ಕೆಟ್ಟಿದ್ದೇನೆ. ‘ಲಾಗ್ ಇನ್’ ಇದ್ದ ಕಡೆಯೆಲ್ಲ ‘ಲಾಗಿನ್’ ಆಗಲಿ ಅಂತ ಆಜ್ಞೆ ಕೊಟ್ಟೆ. ‘ಬ್ಲಾಗ್ ಇನ್ ಇಂಗ್ಲಿಷ್’ ಅಂತ ಇದ್ದದ್ದು ‘ಬ್ಲಾಗಿನ್ ಇಂಗ್ಲಿಷ್’ ಆಯಿತು! ಕನ್ನಡದವನಾದ ನನಗೆ ಅದು ತಪ್ಪು ಅಂತ ಹೊಳೆಯಲೇ ಇಲ್ಲ, ಬ್ಲಾಗಿನ ಇಂಗ್ಲಿಷ್ ತಾನೇ ಅಂದುಕೊಂಡು ಮುಂದೆ ಹೋದೆ. ‘ಕೆಟಲಾಗ್ ಇನ್’ ಇದ್ದ ಕಡೆಯೂ ಅದೇ ಅವಾಂತರ. ಬಿಡುಗಡೆಯಾದ ಮೇಲೆ ಬಳಕೆದಾರರೊಬ್ಬರು ಬರೆದು ತಿಳಿಸಿದರು.

ಇನ್ನೊಂದು: ಕಾಗುಣಿತ ತೋರಿಸುವ ಕೆಂಪು ಗೆರೆಯನ್ನು ಈ ವಿಷಯದಲ್ಲಿ ನಂಬಬೇಡಿ. ‘ಎವ್ರಿಡೇ’ಯೂ ಪದವೇ, ‘ಎವ್ರಿ’ಯೂ ‘ಡೇ’ಯೂ ಪದಗಳೇ. ಅದು ಸುಮ್ಮನಿದ್ದುಬಿಡುತ್ತದೆ.

ಅನುವಾದಕಿ:
ನನ್ನದು ಬೇರೆ ದಾರಿ, ಕನ್ನಡ ಬಲ್ಲವರಿಗೆ ಇದೇ ಸುಲಭ. ಆ ಜಾಗಕ್ಕೆ ಮನಸ್ಸಿನಲ್ಲೇ ಕನ್ನಡ ಹಾಕಿ ನೋಡಿ. ‘ದಿನಾಲೂ’ ಕೂರುತ್ತದೆಯೋ, ‘ಎವ್ರಿ ಡೇ’ ಎರಡು ಪದ. ‘ದಿನಬಳಕೆಯ’ ಕೂರುತ್ತದೆಯೋ, ‘ಎವ್ರಿಡೇ’ ಒಂದು ಪದ. ‘ಬಹುಶಃ’ ಅಂದರೆ ‘ಮೇಬಿ’, ‘ಇರಬಹುದು’ ಅಂದರೆ ‘ಮೇ ಬಿ’. ‘ಆಗಲೇ’ ಅಂದರೆ ‘ಆಲ್ರೆಡಿ’, ‘ಎಲ್ಲ ಸಿದ್ಧ’ ಅಂದರೆ ‘ಆಲ್ ರೆಡಿ’. ‘ಪೂರ್ತಿಯಾಗಿ’ ಅಂದರೆ ‘ಆಲ್ಟುಗೆದರ್’, ‘ಎಲ್ಲರೂ ಒಟ್ಟಿಗೆ’ ಅಂದರೆ ‘ಆಲ್ ಟುಗೆದರ್’. ಇಂಗ್ಲಿಷಿನಲ್ಲಿ ಒಂದು ಜಾಗದ ವ್ಯತ್ಯಾಸ (ಕೊನೆಯ ಎರಡು ಜೋಡಿಗಳಲ್ಲಿ ಕೂಡಿಸುವಾಗ ಒಂದು ‘ಎಲ್’ ಕೂಡ ಬೀಳುತ್ತದೆ), ಕನ್ನಡದಲ್ಲಿ ಪದವೇ ಬೇರೆ. ಹಾಗಾಗಿ ನಾವು ತಪ್ಪುವುದೇ ಕಷ್ಟ, ನಿಂತು ಕೇಳಿಕೊಂಡರೆ.

ಇಂಥ ಜೋಡಿಗಳಲ್ಲಿ ನನಗೆ ತುಂಬ ಪ್ರಿಯವಾದದ್ದು ‘ಇನ್ ಟು’ ಮತ್ತು ‘ಇಂಟು’. ‘ಟರ್ನ್ಡ್ ಹಿಮ್‌ಸೆಲ್ಫ್ ಇನ್ ಟು ದ ಪೊಲೀಸ್’ ಅಂದರೆ ಆಸಾಮಿ ಪೊಲೀಸರಿಗೆ ಶರಣಾದ. ಜಾಗ ತೆಗೆದು ‘ಇಂಟು’ ಮಾಡಿದಿರೋ, ತಾನೇ ಪೊಲೀಸಾಗಿ ರೂಪ ಬದಲಿಸಿಕೊಂಡ. ಒಂದು ಅನುವಾದದಲ್ಲಿ ನಾನು ಕಳ್ಳನಿಗೆ ಹೀಗೆ ಬಡ್ತಿ ಕೊಟ್ಟಿದ್ದೆ.

ಕನ್ನಡ ಮೇಷ್ಟ್ರು:
ನಮ್ಮವರು ಎಲ್ಲಿ ಮುಗ್ಗರಿಸುತ್ತಾರೆ ಅನ್ನುವುದನ್ನು ಸ್ವಲ್ಪ ಹೇಳುತ್ತೇನೆ. ಕನ್ನಡದಲ್ಲಿ ಎರಡು ಪದ ಸಮಾಸವಾದರೆ ಕೂಡಿದ್ದಕ್ಕೆ ಸಾಕ್ಷಿ ಸಿಗುತ್ತದೆ. ಹಿರಿದು, ಮರ ಎರಡೂ ಸೇರಿ ಹೆಮ್ಮರ ಆದ ಮೇಲೆ ಬಿಡಿಸಿ ಬರೆಯುವ ಪ್ರಶ್ನೆಯೇ ಏಳುವುದಿಲ್ಲ. ಬೆಟ್ಟದ ತಾವರೆ ಬೆಟ್ಟದಾವರೆ ಆಗುವಾಗ ತಕಾರ ಹೋಗಿ ದಕಾರ ಬರುತ್ತದೆ. ಇಂಗ್ಲಿಷ್ ಪದಗಳು ಪಕ್ಕಪಕ್ಕ ನಿಂತು ಹೊಸ ಅರ್ಥ ಕೊಟ್ಟರೂ ಸಾಮಾನ್ಯವಾಗಿ ಅಕ್ಷರ ಒಂದೂ ಅಲ್ಲಾಡುವುದಿಲ್ಲ. ಗುರುತು ಇರುವುದು ಉಚ್ಚಾರಣೆಯಲ್ಲಿ. ‘ಬ್ಲ್ಯಾಕ್‌ಬರ್ಡ್’ ಎಂದು ಮೊದಲ ಭಾಗವನ್ನು ಒತ್ತಿ ಹೇಳಿದರೆ ಅದೊಂದು ಜಾತಿಯ ಹಕ್ಕಿ (ಅದರ ಹೆಣ್ಣು ಕಂದು ಬಣ್ಣದ್ದು, ಕಪ್ಪಲ್ಲ!). ‘ಬ್ಲ್ಯಾಕ್ ಬರ್ಡ್’ ಎಂದು ಎರಡನೆಯದಕ್ಕೂ ಒತ್ತು ಕೊಟ್ಟರೆ ಯಾವುದಾದರೂ ಕಪ್ಪು ಹಕ್ಕಿ, ಕಾಗೆಯೂ ಆದೀತು. ನಮ್ಮ ಕಿವಿಗೆ ಈ ಒತ್ತು ಅಷ್ಟಾಗಿ ಕೇಳಿಸುವುದಿಲ್ಲ, ಕಷ್ಟದ ಬೇರು ಅಲ್ಲೇ ಇದೆ.

ಕರಡು ತಿದ್ದುವವರು:
ಮೇಷ್ಟ್ರೇ, ಒಂದು ತಕರಾರು. ಒತ್ತು ಕೇಳಿಸಿದರೂ ಕೆಲಸ ಪೂರ್ತಿ ಆಗುವುದಿಲ್ಲ. ‘ಹೈ ಸ್ಕೂಲ್’ನಲ್ಲಿ ಒತ್ತು ಮೊದಲ ಪದಕ್ಕೇ, ಆದರೂ ಬರೆಯುವುದು ಬಿಡಿಸಿ. ‘ಬಸ್ ಸ್ಟಾಪ್’ ಕೂಡ ಹಾಗೇ. ‘ಬೆಡ್‌ರೂಮ್’, ‘ಬಾತ್‌ರೂಮ್’, ‘ಕ್ಲಾಸ್‌ರೂಮ್’ ಒಂದು ಪದ. ‘ಲಿವಿಂಗ್ ರೂಮ್’, ‘ಡೈನಿಂಗ್ ರೂಮ್’ ಎರಡು. ‘ಟೂತ್‌ಬ್ರಷ್’ ಒಂದು, ‘ಟೂತ್ ಫೇರಿ’ ಎರಡು. ‘ನೋಬಡಿ’ ಒಂದಾದರೂ ‘ನೋ ಒನ್’ ಎರಡೇ, ಕೂಡಿಸಿದರೆ ಎರಡು ‘ಓ’ ಅಂಟಿಕೊಂಡು ‘ನೂನ್’ ಅಂತ ಓದಿಸಿಕೊಳ್ಳುತ್ತದೆ. ಇದನ್ನೆಲ್ಲ ನಿಯಮ ಅಂತ ಕಲಿಸಲು ಹೊರಟರೆ ಮಕ್ಕಳು ಎದ್ದು ಹೋಗುತ್ತಾರೆ.

ಕನ್ನಡ ಮೇಷ್ಟ್ರು:
ಒಪ್ಪಿದೆ. ಒತ್ತಿನಿಂದ ಅರ್ಥ ತಿಳಿಯುತ್ತದೆ, ಬರೆಯುವ ರೀತಿ ತಿಳಿಯುವುದಿಲ್ಲ. ನೀವು ‘ಹೈ ಸ್ಕೂಲ್’ ಎಂದದ್ದರಿಂದ ಇನ್ನೊಂದು ನೆನಪಾಯಿತು. ಕನ್ನಡ ಲಿಪಿಯಲ್ಲಿ ನಾವು ಹೈಸ್ಕೂಲು, ಐಸ್‌ಕ್ರೀಮ್, ಬಸ್‌ಸ್ಟಾಪ್, ಸಿಮ್‌ಕಾರ್ಡ್ ಎಂದು ಕೂಡಿಸಿಯೇ ಬರೆಯುತ್ತೇವೆ. ಕನ್ನಡದ ಮಟ್ಟಿಗೆ ತಪ್ಪೇನಿಲ್ಲ. ಅದೇ ಕೈ ಇಂಗ್ಲಿಷ್ ಬರೆಯುವಾಗಲೂ ಕೂಡಿಸಿಬಿಡುತ್ತದೆ. ನಾಲ್ಕೂ ಇಂಗ್ಲಿಷಿನಲ್ಲಿ ಎರಡೆರಡು ಪದ.

ಅನುವಾದಕಿ:
ಅಯ್ಯೋ, ಸಿಮ್ ಕಾರ್ಡ್ ನಾನು ಇವತ್ತಿನವರೆಗೂ ಕೂಡಿಸಿ ಬರೆಯುತ್ತಿದ್ದೆ.

ನಿಘಂಟಿನ ಹುಚ್ಚಿರುವವರು:
ರೂಢಿಯ ಅರ್ಧಕ್ಕೆ ಒಂದು ನಿಘಂಟು ಹಿಡಿದು ಅದಕ್ಕೇ ಅಂಟಿಕೊಳ್ಳುವುದೇ ಮದ್ದು. ಎರಡು ಹಿಡಿದರೆ ಜಗಳ ಶುರು. ಕರಡು ತಿದ್ದುವವರ ಕಸುಬಿನ ಹೆಸರನ್ನೇ ನೋಡಿ: ಮೆರಿಯಮ್-ವೆಬ್‌ಸ್ಟರ್ ನಿಘಂಟು ‘ಕಾಪಿ ಎಡಿಟರ್’ ಅಂತ ಬಿಡಿಸುತ್ತದೆ, ಶಿಕಾಗೊ ಶೈಲಿ ಕೈಪಿಡಿ ‘ಕಾಪಿಎಡಿಟರ್’ ಅಂತ ಕೂಡಿಸುತ್ತದೆ.

ಹಳೆಯ ನಿಘಂಟೂ ಬೇಡ, ಏಕೆಂದರೆ ಪದಗಳು ಜಾಗ ಬದಲಿಸುತ್ತಲೇ ಇರುತ್ತವೆ. ಇಪ್ಪತ್ತನೆಯ ಶತಮಾನದ ಆರಂಭದ ಮುದ್ರಣಗಳಲ್ಲೂ ‘ಟು-ಡೇ’, ‘ಟು-ಮಾರೋ’ ಅಂತ ನಡುಗೆರೆ ಸಿಗುತ್ತದೆ. ‘ಬೇಸ್‌ಬಾಲ್’ ಹಿಂದೆ ಎರಡು ಪದವಾಗಿತ್ತು, ಆಮೇಲೆ ಗೆರೆ ಬಂತು, ಆಮೇಲೆ ಗೆರೆಯೂ ಹೋಯಿತು. 2007ರಲ್ಲಿ ಶಾರ್ಟರ್ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಆರನೇ ಆವೃತ್ತಿ ಸುಮಾರು 16,000 ಪದಗಳ ನಡುಗೆರೆ ಕಿತ್ತುಹಾಕಿತು. ತಮಾಷೆ ಏನೆಂದರೆ, ಗೆರೆ ಹೋದ ಮೇಲೆ ಎಲ್ಲವೂ ಒಂದೇ ಕಡೆಗೆ ಹೋಗಲಿಲ್ಲ. ‘ಬಂಬಲ್‌ಬೀ’, ‘ಲೀಪ್‌ಫ್ರಾಗ್’, ‘ಕ್ರೈಬೇಬಿ’ ಕೂಡಿಕೊಂಡವು. ‘ಐಸ್ ಕ್ರೀಮ್’, ‘ಟೆಸ್ಟ್ ಟ್ಯೂಬ್’, ‘ಫಿಗ್ ಲೀಫ್’ ದೂರವಾದವು. ಅಸೋಸಿಯೇಟೆಡ್ ಪ್ರೆಸ್ಸಿನ ಶೈಲಿ ಕೈಪಿಡಿ ‘ವೆಬ್ ಸೈಟ್’ ಬಿಟ್ಟು ‘ವೆಬ್‌ಸೈಟ್’ಗೆ ಬಂದದ್ದು 2010ರಲ್ಲಿ, ‘ಇ-ಮೇಲ್’ನ ಗೆರೆ ಕಳಚಿದ್ದು 2011ರಲ್ಲಿ. ನಿಮ್ಮ ಕರಡಿಗೆ ಕೆಂಪು ಹಾಕಿದವರು ಯಾವ ಕಾಲದಲ್ಲಿ ಕಲಿತವರೋ!

ಪ್ರಶ್ನೆ ಕೇಳಿದವರು:
ಗೆರೆ ಅಂದಿರಿ, ಅದನ್ನೂ ಕೇಳಿಬಿಡುತ್ತೇನೆ. ಸಂದೇಹ ಬಂದಲ್ಲೆಲ್ಲ ನಡುಗೆರೆ ಹಾಕಿದರೆ ತಪ್ಪಿಸಿಕೊಳ್ಳಬಹುದಲ್ಲ?

ಕರಡು ತಿದ್ದುವವರು:
ತಪ್ಪಿಸಿಕೊಳ್ಳಲು ಆಗುವುದಿಲ್ಲ, ಸಿಕ್ಕಿಬೀಳುತ್ತೀರಿ. ಗೆರೆಗೆ ಅದರದ್ದೇ ಕೆಲಸ ಇದೆ. ಎರಡು ಪದ ಒಟ್ಟಾಗಿ ಮುಂದಿನ ನಾಮಪದವನ್ನು ಬಣ್ಣಿಸುವಾಗ ಹಾಕುತ್ತೇವೆ. ‘ಮ್ಯಾನ್-ಈಟಿಂಗ್ ಶಾರ್ಕ್’ ಅಂದರೆ ಮನುಷ್ಯರನ್ನು ತಿನ್ನುವ ಶಾರ್ಕು; ಗೆರೆ ಬಿಟ್ಟರೆ ಶಾರ್ಕು ತಿನ್ನುತ್ತಿರುವ ಮನುಷ್ಯ. ‘ವೆಲ್-ನೋನ್ ರೈಟರ್’ಗೆ ಗೆರೆ ಬೇಕು, ‘ದ ರೈಟರ್ ಈಸ್ ವೆಲ್ ನೋನ್’ ಅನ್ನುವಾಗ ಸಾಮಾನ್ಯವಾಗಿ ಬೇಡ. ‘ಹೈಲಿ ಪೇಡ್’ ಥರ ‘ಲಿ’ಯಲ್ಲಿ ಮುಗಿಯುವ ಕ್ರಿಯಾವಿಶೇಷಣದ ಮುಂದೆ ಗೆರೆ ಹಾಕಲೇಬೇಡಿ.

ಇನ್ನು ರೂಢಿಯ ಪದಗಳಿಗೆ ಒಂದು ಸ್ಟೈಲ್ ಶೀಟ್ ಇಟ್ಟುಕೊಳ್ಳಿ. ದೊಡ್ಡ ಹೆಸರು, ಕೆಲಸ ಚಿಕ್ಕದು: ಒಂದು ಪುಟದಲ್ಲಿ ಅಕಾರಾದಿಯಾಗಿ ಪದ, ಪಕ್ಕದಲ್ಲಿ ನಾಮಪದವೋ ಕ್ರಿಯಾಪದವೋ ಅಂತ. ಒಮ್ಮೆ ನಿಘಂಟು ನೋಡಿ ಬರೆದ ಪದವನ್ನು ಮತ್ತೆ ಹುಡುಕಬೇಕಿಲ್ಲ. ‘ಯೂಸರ್‌ನೇಮ್’ ಈಗ ಕೂಡಿಸಿಯೇ ಹೆಚ್ಚು ಬಳಕೆ, ಆದರೆ ಬಿಡಿಸಿ ಬರೆಯುವ ಸಂಸ್ಥೆಗಳೂ ಇವೆ, ಹಾಗಾಗಿ ಕೆಲಸ ಕೊಟ್ಟವರನ್ನೇ ಕೇಳಿ ಶೀಟಿಗೆ ಹಾಕಿ. ಮುಂದಿನ ಕರಡಿನ ಜೊತೆ ಆ ಶೀಟನ್ನೂ ಕಳಿಸಿ. ನನಗೆ ಯಾರಾದರೂ ಹಾಗೆ ಕಳಿಸಿದರೆ ನಾನು ಅರ್ಧ ಕೆಂಪು ಶಾಯಿ ಉಳಿಸುತ್ತೇನೆ.

ಪ್ರಶ್ನೆ ಕೇಳಿದವರು:
‘ಇಟ್’ ತೂರಿಸಿ, ಕನ್ನಡ ಕೂರಿಸಿ, ಎರಡೂ ಮಾಡಿ ನೋಡಿದೆ. ಕೆಂಪು ಬಿದ್ದ ‘ಲಾಗಿನ್’ಗಳಲ್ಲಿ ಮೂರು ನಿಜಕ್ಕೂ ಸರಿಯಾಗಿಯೇ ಇದ್ದವು! ಶೀಟಿಗೆ ಇಪ್ಪತ್ತೆರಡು ಪದ ಸೇರಿವೆ. ಕೊನೆಯದಾಗಿ ಒಂದು ತೊಡಕು: ಸಾಫ್ಟ್‌ವೇರಿನ ಪರದೆಯ ಮೇಲೆ ಒತ್ತಬೇಕಾದ ಬಟನ್ನಿನಲ್ಲೇ ‘ಲಾಗಿನ್’ ಅಂತ ಕೂಡಿಸಿ ಬರೆದಿದ್ದಾರೆ. ಅಲ್ಲಿ ಕ್ರಿಯಾಪದ ಬೇಕಲ್ಲವೇ? ಕೈಪಿಡಿಯಲ್ಲಿ ತಿದ್ದಿ ಬರೆಯಲಾ?

ಕೋಡ್ ಬರೆಯುವವರು:
ಬೇಡ. ಬಟನ್ನಿನ ಹೆಸರನ್ನು ಪರದೆಯ ಮೇಲೆ ಇದ್ದ ಹಾಗೇ ಬರೆಯಿರಿ, ಓದುವವರು ಅದನ್ನೇ ಹುಡುಕುತ್ತಾರೆ. ಸುತ್ತಲಿನ ನಿಮ್ಮ ವಾಕ್ಯದಲ್ಲಿ ಮಾತ್ರ ‘ಲಾಗ್ ಇನ್’ ಇರಲಿ. ಬಟನ್ ಬದಲಿಸಿ ಅಂತ ಬೇರೆಯಾಗಿ ಒಂದು ಬಗ್ (ದೋಷದ ದೂರು) ದಾಖಲಿಸಿ. ಇಂಥದ್ದೇ ಒಂದು ನಾನೂ ದಾಖಲಿಸಿದ್ದೇನೆ, ಎರಡು ವರ್ಷವಾಯಿತು, ಇನ್ನೂ ತೆರೆದೇ ಇದೆ.